ಇದ್ದವಳಿಗೆ ಅತ್ತ ರಾಧಮ್ಮ

ಚಳ್ಳಕೆರೆ ಸೀಮೆಯಲ್ಲಿ ಸಾವಿನ ಸುದ್ದಿಯನ್ನು ಸಾವು ಎಂದು ಹೇಳುವ ರೂಢಿ ಇಲ್ಲ. ಸತ್ತವರ ಹತ್ತಿರದವರಿಗಂತೂ ಇಲ್ಲವೇ ಇಲ್ಲ. ಅಪ್ಪ ಸತ್ತರೆ ಪರ ಊರಿನಲ್ಲಿರುವ ಮಗಳಿಗೆ "ನಿಮ್ಮಪ್ಪಗೆ ಸ್ವಲ್ಪ ಹುಷಾರಿಲ್ಲ, ಬಂದು ನೋಡ್ಕಂಡು ಹೋಗವ್ವ" ಎಂದು ಹೇಳಿ ಕಳಿಸುತ್ತಾರೆ. ದಾರಿಯುದ್ದಕ್ಕೂ ಎದೆ ಎದೆ ಬಡಿದುಕೊಂಡು ಬರುವುದು ಬೇಡ, ಮನೆ ಮುಟ್ಟಲಿ, ಹಿಡಿದುಕೊಳ್ಳಲು ನಾಲ್ಕು ಕೈ ಇರುವ ಕಡೆ ತಿಳಿಯಲಿ ಎಂಬ ಅಂತಃಕರಣ ಅದು. ಊರಿಗೆ ಊರೇ ಒಂದಾಗಿ ಹೇಳುವ ಸುಳ್ಳು. ಇಂಥ ಸುಳ್ಳಿಗೆ ಪಾಪ ಹತ್ತುವುದಿಲ್ಲ ಎನ್ನುತ್ತಾರೆ. ಹಾಗೆಂದವರು ಯಾರೋ ಗೊತ್ತಿಲ್ಲ, ಅವರು ರಾಧಮ್ಮನ ಕೈಗೆ ಸಿಗದಿರುವುದೇ ಒಳ್ಳೆಯದು.

ರಾಧಮ್ಮ ಹುಟ್ಟಿದ್ದು ಮೊಳಕಾಲ್ಮೂರಿನಲ್ಲಿ. ಅವಳನ್ನು ಹೆತ್ತ ಹದಿನೈದು ದಿನಕ್ಕೆ ಅವ್ವ ತೀರಿಕೊಂಡಳು. ಆಗ ಅಕ್ಕ ಬೋರಕ್ಕನಿಗೆ ಹನ್ನೆರಡು ವರ್ಷ. ಜುಟ್ಟಿಗೆ ಟೇಪು ಕಟ್ಟಿಕೊಂಡು ಕುಂಟೆಬಿಲ್ಲೆ ಆಡಬೇಕಾದ ಹುಡುಗಿ ಕೂಸನ್ನು ಸೊಂಟಕ್ಕೇರಿಸಿಕೊಂಡಳು, ಆಮೇಲೆ ಇಳಿಸಲೇ ಇಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಚಿಕ್ಕೀರಪ್ಪನಿಗೆ ಅವಳನ್ನು ಕೊಟ್ಟಾಗ, ತಂಗಿಯನ್ನು ಬಿಟ್ಟು ಬರುವುದಾದರೆ ತಾಳಿಯೇ ಬೇಡ ಎಂದು ಹಸೆಯ ಮೇಲೆ ಕೂತು ಹಠ ಹಿಡಿದಳು. ಚಿಕ್ಕೀರಪ್ಪ ಪಾಪದ ಮನುಷ್ಯ, ಆಗಲಿ ಎಂದ. ಹೊಸ ಮದುಮಗಳು ಆರು ವರ್ಷದ ಮಗುವಿನ ಕೈ ಹಿಡಿದು ಬಸ್ಸಿಳಿದದ್ದನ್ನು ನೋಡಿ ಮಿಲ್ಲಿನ ಹಿಂದಿನ ಕೇರಿಯವರು, "ಚಿಕ್ಕೀರ ಕರ ಸಮೇತ ಹಸ ಹೊಡ್ಕಂಡು ಬಂದ ನೋಡ್ರಿ" ಎಂದು ವರ್ಷಗಟ್ಟಲೆ ನಕ್ಕರು.

ಬೋರಕ್ಕನಿಗೆ ಮಕ್ಕಳಾಗಲಿಲ್ಲ. ಆಗಲಿಲ್ಲ ಎಂಬ ಕೊರಗನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಆಡುವ ಬಾಯನ್ನೆಲ್ಲ ಜಗಳಕ್ಕೆ ಮೀಸಲಿಟ್ಟಿದ್ದಳು. ನಲ್ಲಿಯ ಹತ್ತಿರ ಅವಳ ಕೊಡ ಸಾಲಿನಲ್ಲಿದೆ ಎಂದರೆ ಬೇರೆ ಹೆಂಗಸರು ತಮ್ಮ ಕೊಡ ತಾವೇ ಹಿಂದಕ್ಕೆ ಸರಿಸುತ್ತಿದ್ದರು. ಅದೇ ಬಾಯಿ ರಾಧಿಯ ತಲೆ ಬಾಚುವಾಗ ಮಾತ್ರ ಮೆತ್ತಗಾಗುತ್ತಿತ್ತು. ಹೇನು ಹೆಕ್ಕುತ್ತ, ಎಣ್ಣೆ ತಟ್ಟುತ್ತ, ಇಲ್ಲದ ರಾಜರಾಣಿಯರ ಕತೆ ಕಟ್ಟಿ ಹೇಳುತ್ತಿದ್ದಳು.

ರಾಧಮ್ಮನನ್ನು ತಿರುಗಿ ಮೊಳಕಾಲ್ಮೂರಿಗೇ ಕೊಟ್ಟರು. ಗಂಡ ಗಂಗರಾಜು ಚಳ್ಳಕೆರೆಯ ಮಂಡಿಯಲ್ಲಿ ಶೇಂಗಾ ಮೂಟೆ ಹೊರುವ ಹಮಾಲಿ. ಬೆಳಗಿನ ಬಸ್ಸಿಗೆ ಹೋಗಿ ಕೊನೆಯ ಬಸ್ಸಿಗೆ ಬರುತ್ತಿದ್ದ. ಅವಳು ಮನೆಯಲ್ಲೇ ಕೂತು ನೇಕಾರರಿಗೆ ರೇಷ್ಮೆ ನೂಲು ಸುತ್ತಿ ಕೊಡುತ್ತಿದ್ದಳು. ಅಕ್ಕನಿಗೆ ಬೇಕೆಂದರೆ ಇಲ್ಲಿಂದ ಬುತ್ತಿ, ತಂಗಿಗೆ ಬೇಕೆಂದರೆ ಅಲ್ಲಿಂದ ಕಡ್ಲೆಬೀಜ, ಎಲ್ಲ ಬಸ್ಸಿನಲ್ಲೇ ಓಡಾಡುತ್ತಿದ್ದವು. ಕಂಡಕ್ಟರ್ ಕೈಗೆ ಕೊಟ್ಟರಾಯಿತು. ಯಾರದು, ಯಾರಿಗೆ ಎಂದು ಬರೆಯುವುದೂ ಬೇಡ, ಪಾತ್ರೆ ನೋಡಿದರೆ ಅವನಿಗೇ ಗೊತ್ತಾಗುತ್ತಿತ್ತು. ಸಣ್ಣ ಊರಿನ ಸುಖ ಎಂದರೆ ಇದೇ. ನಿಮ್ಮ ಮನೆಯ ಪಾತ್ರೆಗೂ ಊರಿನವರ ಪರಿಚಯ ಇರುತ್ತದೆ.

ತೊಂಬತ್ತಾರರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅದೇ ಕಂಡಕ್ಟರ್ ಅವಳ ಮನೆಯ ತನಕ ಬಂದ. ಎಂದೂ ಬಸ್‌ಸ್ಟ್ಯಾಂಡು ಬಿಟ್ಟು ಬಂದವನಲ್ಲ.

"ಗಂಗರಾಜು ಲಾರಿಯಿಂದ ಬಿದ್ದು ಕಾಲಿಗೆ ಪೆಟ್ಟಾಗೈತೆ ಕಣಮ್ಮ. ಆಸ್ಪತ್ರೆಗೆ ಸೇರ್ಸೀವಿ. ಗಾಬರಿ ಬೀಳೋದೇನಿಲ್ಲ. ಬಸ್ಸು ತಿರುಗ್ತೈತೆ, ಬಂದ್ಬಿಡು."

ರಾಧಮ್ಮ ನಂಬಿದಳು. ನಂಬದಿರಲು ಏನಿತ್ತು? ಮೂಳೆ ಮುರಿದಿದ್ದರೆ ಕೂಡಲಿ ಎಂದು ಎರಡು ಮೊಟ್ಟೆ ಬೇಯಿಸಿದಳು. ಬಿಸಿ ಮುದ್ದೆ ಕಟ್ಟಿ, ಹುರುಳಿಕಾಳಿನ ಸಾರು ಬಗ್ಗಿಸಿ ಕ್ಯಾರಿಯರಿಗೆ ಹಾಕಿಕೊಂಡಳು. ಅಷ್ಟು ಹೊತ್ತೂ ಬಸ್ಸು ನಿಂತೇ ಇತ್ತು. ಹಾರನ್ ಕೂಡ ಹೊಡೆಯಲಿಲ್ಲ. ಹತ್ತಿದರೆ ಕಿಟಕಿ ಪಕ್ಕದ ಸೀಟು ಬಿಟ್ಟು ಕೊಟ್ಟರು. ಚಿಲ್ಲರೆ ತೆಗೆದರೆ ಕಂಡಕ್ಟರ್, "ಇರ್ಲಿ ಬಿಡಮ್ಮ" ಎಂದು ಮುಂದೆ ಹೋದ. ಜನಕ್ಕೆ ಇವತ್ತು ಎಷ್ಟು ಮರ್ಯಾದೆ ಬಂದಿದೆ ಎಂದು ಅವಳಿಗೆ ಸೋಜಿಗವಾಯಿತು. ರಾಂಪುರದ ಕಡೆಯ ಒಬ್ಬ ತೆಲುಗು ಮುದುಕಿ ಅವಳ ಮುಖವನ್ನೇ ನೋಡುತ್ತ, "ಅಯ್ಯೋ ಪಾಪಂ, ಚಿನ್ನ ಪಿಲ್ಲ" ಎಂದಳು, ಇನ್ನೂ ಚಿಕ್ಕ ಹುಡುಗಿ ಎಂದು. ಪಕ್ಕದವರು ಮುದುಕಿಯ ತೊಡೆ ಚಿವುಟಿದರು. ರಾಧಮ್ಮ ಸಾರು ಚೆಲ್ಲದ ಹಾಗೆ ಕ್ಯಾರಿಯರನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ಚಳ್ಳಕೆರೆಯಲ್ಲಿ ಇಳಿದಾಗ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ಅಕ್ಕನ ಮನೆಗೆ ಕರೆದೊಯ್ದರು. ಕೇರಿಯ ತಿರುವಿನಲ್ಲೇ ಅವಳಿಗೆ ಹೊಗೆ ಕಾಣಿಸಿತು, ಬಾಗಿಲ ಮುಂದೆ ಹಾಕಿದ ಬೆಂಕಿಯದು.

ಗಂಡ ಸತ್ತ ದುಃಖ ಒಂದು ತೂಕವಾದರೆ, ಬಸ್ಸಿನ ತುಂಬ ಜನರಿಗೆ ಗೊತ್ತಿದ್ದು ತನಗೊಬ್ಬಳಿಗೇ ಗೊತ್ತಿಲ್ಲದೆ ಮೊಟ್ಟೆ ಬೇಯಿಸಿಕೊಂಡು ಬಂದೆನಲ್ಲ ಎಂಬ ಸಂಕಟ ಇನ್ನೊಂದು ತೂಕ. ಆ ಎರಡನೆಯದು ಅವಳನ್ನು ಬಿಡಲೇ ಇಲ್ಲ. ಇನ್ನು ಯಾವತ್ತೂ ಯಾರ ಮಾತಿಗೂ ಹಾಗೆ ಬಾಯಿ ತೆರೆದುಕೊಂಡು ನಂಬುವುದಿಲ್ಲ ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಅಕ್ಕನ ಮನೆಯಲ್ಲೇ ಉಳಿದಳು. ಕೇರಿಯವರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ತಿಂಗಳ ತನಕ ಆ ಮನೆಯ ಒಲೆ ಹಚ್ಚಲು ಬಿಡಲಿಲ್ಲ. ಪಕ್ಕದ ಮನೆಯ ಮೂಗಮ್ಮ ಮುದ್ದೆ ಮುರಿದು ಬಾಯಿಗಿಟ್ಟಳು, ಬಾಣಂತಿಗೆ ಮಾಡಿದ ಹಾಗೆ ಮಾಡಿದಳು. ಆದರೆ ಉಣ್ಣಿಸಿದ ಕೈಗೆ ಕಣ್ಣೂ ಇರುತ್ತವಲ್ಲ. ಇಪ್ಪತ್ತಮೂರರ ವಿಧವೆ ಕನ್ನಡಿ ಮುಂದೆ ಎಷ್ಟು ಹೊತ್ತು ನಿಂತಳು, ಅಂಗಡಿಯವನ ಜೊತೆ ನಕ್ಕಳಾ, ಸೀರೆಯ ಬಣ್ಣ ಯಾವುದು, ಎಲ್ಲಕ್ಕೂ ಕೇರಿಯಲ್ಲಿ ಒಬ್ಬೊಬ್ಬರು ಉಸ್ತುವಾರಿ ವಹಿಸಿಕೊಂಡರು. ಯಾರ ಮನೆಯದಾದರೂ ಮದುವೆ ಎಂದರೆ ಅವಳಿಗೆ ಊಟಕ್ಕೆ ಕರೆ ಇತ್ತು, ಹಸೆಯ ಹತ್ತಿರ ಬರಲು ಇರಲಿಲ್ಲ. ಹೂ ಮಾರುವವಳು ಕೇರಿಗೆ ಬಂದಾಗ ಅವಳ ಬಾಗಿಲು ದಾಟುವ ತನಕ ಕೂಗುವುದನ್ನು ನಿಲ್ಲಿಸುತ್ತಿದ್ದಳು. ಅದೂ ಅಂತಃಕರಣವೇ. ನೋವಾಗಬಾರದೆಂದು.

ನಾಲ್ಕು ವರ್ಷ ಹೀಗೆ ಕಳೆದ ಮೇಲೆ ಮಿಲ್ಲಿನಲ್ಲಿ ಕಾಳು ಆರಿಸುತ್ತಿದ್ದ ಗೆಳತಿಯೊಬ್ಬಳು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟಳು. ರಾಧಮ್ಮನೂ ಹೊರಟಳು. ಬೋರಕ್ಕ ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ಚಟ್ನಿಪುಡಿ ಕುಟ್ಟಿ ಡಬ್ಬಿ ತುಂಬಿ ಕೊಟ್ಟಳು. "ಅಲ್ಲಿ ಯಾರ್ನೂ ನಂಬಬ್ಯಾಡ" ಎಂದಳು. ನಂಬುವ ಪ್ರಸಂಗವೇ ಬರಲಿಲ್ಲ, ಯಾರೂ ಮಾತಾಡಿಸಲಿಲ್ಲ.

ಪೀಣ್ಯದ ಕಡೆಯ ಒಂದು ವಠಾರದಲ್ಲಿ ಒಂದೇ ಕೋಣೆ. ಮನೆ ಮಾಲೀಕಳು ಅಡ್ವಾನ್ಸು ಕೇಳಿದಳೇ ಹೊರತು ಗಂಡ ಎಲ್ಲಿ ಎಂದು ಕೇಳಲಿಲ್ಲ. ಮೊದಲ ವಾರ ರಾಧಮ್ಮನಿಗೆ ಅವಮಾನವಾದ ಹಾಗಾಯಿತು, ಇಷ್ಟೂ ವಿಚಾರಿಸದ ಜನ ಎಂಥ ಜನ! ಎರಡನೆಯ ವಾರಕ್ಕೆ ಅದರ ರುಚಿ ಹತ್ತಿತು. ಭಾನುವಾರ ಎಂಟು ಗಂಟೆಗೆ ಎದ್ದರೂ ಕೇಳುವವರಿಲ್ಲ. ರಸ್ತೆಯಲ್ಲಿ ನಿಂತು ಪಾನಿಪುರಿ ತಿಂದರೂ ಆ ಸುದ್ದಿ ಅವಳಿಗಿಂತ ಮೊದಲು ಮನೆಗೆ ಹೋಗುವುದಿಲ್ಲ. ಒಂದು ಶುಕ್ರವಾರ ಫ್ಯಾಕ್ಟರಿಯಲ್ಲಿ ಪಕ್ಕದ ಹೊಲಿಗೆ ಮಿಷನ್ನಿನ ಹುಡುಗಿ, "ಅಕ್ಕ, ತಗೋ, ಜಾಸ್ತಿ ಐತೆ" ಎಂದು ಮೊಳ ಮಲ್ಲಿಗೆ ಹರಿದು ಕೊಟ್ಟಳು. ರಾಧಮ್ಮ ಕೈಯಲ್ಲಿ ಹಿಡಿದೇ ನಿಂತಳು. ಹುಡುಗಿ, ಇವಳಿಗೆ ಪಿನ್ನು ಇಲ್ಲವೇನೋ ಎಂದುಕೊಂಡು ತಾನೇ ಮುಡಿಸಿ ಬಿಟ್ಟಳು. ಆಕಾಶ ಕಳಚಿ ಬೀಳಲಿಲ್ಲ. ಮುನ್ನೂರು ಜನ ಹೆಂಗಸರಿದ್ದ ಆ ಶೆಡ್ಡಿನಲ್ಲಿ ಒಂದು ತಲೆಯೂ ತಿರುಗಲಿಲ್ಲ. ಅವತ್ತು ಸಂಜೆ ಅವಳು ಬಸ್ಸು ಹತ್ತದೆ ಮೂರು ಸ್ಟಾಪು ನಡೆದೇ ಹೋದಳು, ಹೂವಿನ ವಾಸನೆ ಕುಡಿಯುತ್ತ. ಗಂಗರಾಜನ ನೆನಪೂ ಬಂತು. ಅವನಿದ್ದಿದ್ದರೆ ಖುಷಿಪಡುತ್ತಿದ್ದ ಎಂದೇ ಅನ್ನಿಸಿತು.

ಸುಖ ಎಂದರೆ ಬರೀ ಸುಖವೇ ಎಲ್ಲಿರುತ್ತದೆ? ಎರಡು ಸಾವಿರದ ಎರಡರಲ್ಲಿ ಅವಳಿಗೆ ವಿಷಮಜ್ವರ ಬಂತು. ನಾಲ್ಕು ದಿನ ಕೋಣೆಯ ಬಾಗಿಲು ತೆರೆಯಲಿಲ್ಲ, ನಾಲ್ಕು ದಿನವೂ ಯಾರೂ ತಟ್ಟಲಿಲ್ಲ. ಗೋಡೆಯಾಚೆ ಟೀವಿ ಓಡುತ್ತಿತ್ತು, ನಗು ಕೇಳುತ್ತಿತ್ತು. ಐದನೆಯ ದಿನ ಅವಳೇ ತೆವಳಿಕೊಂಡು ನೀರಿಗೆ ಬಂದಾಗ ಎದುರು ಮನೆಯವಳು, "ಊರಿಗೆ ಹೋಗಿದ್ರಾ?" ಎಂದು ಕೇಳಿದಳು. ಅವಳ ಹೆಸರು ರಾಧಮ್ಮನಿಗೆ ಗೊತ್ತಿರಲಿಲ್ಲ, ಇವಳ ಹೆಸರು ಅವಳಿಗೂ ಗೊತ್ತಿರಲಿಲ್ಲ. ಫ್ಯಾಕ್ಟರಿಯಲ್ಲಿ ಒಬ್ಬ ಹೆಂಗಸಿನ ಗಂಡ ಸತ್ತಾಗ ಸೂಪರ್‌ವೈಸರ್ ಮಿಷನ್ನಿನ ಹತ್ತಿರ ಬಂದು ನೆಟ್ಟಗೆ, "ನಿನ್ ಗಂಡ ಹೋಗ್ಬಿಟ್ನಂತೆ, ಗೇಟ್ ಪಾಸ್ ತಗೊಂಡು ಹೊರಡಮ್ಮ" ಎಂದ. ಆಕೆ ಕತ್ತರಿ ಕೆಳಗೆ ಹಾಕಿ ಕೂಗಿದ ಕೂಗು ಶೆಡ್ಡಿನ ಎಲ್ಲ ಮಿಷನ್ನುಗಳನ್ನೂ ನಿಲ್ಲಿಸಿತು. ಆದರೂ ರಾಧಮ್ಮನಿಗೆ ಒಳಗೊಳಗೇ ಒಂದು ಹೊಟ್ಟೆಕಿಚ್ಚು. ಇವಳಿಗೆ ನಿಜ ಹೇಳಿದರು.

ವರ್ಷಕ್ಕೆರಡು ಸಲ ಊರಿಗೆ ಬರುತ್ತಿದ್ದಳು. ಹೂ ಮುಡಿದೇ ಹೊರಡುತ್ತಿದ್ದಳು, ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ತೆಗೆದು ಕಿಟಕಿಯಾಚೆ ಹಾಕುತ್ತಿದ್ದಳು. ಎರಡು ಸಾವಿರದ ಮೂರರ ದೀಪಾವಳಿಗೆ ಬರುವಾಗ ಹಿಂದಿನ ದಿನದ ಓವರ್‌ಟೈಮ್ ಕೆಲಸದ ಆಯಾಸಕ್ಕೆ ನಿದ್ದೆ ಹತ್ತಿತು. ಹಿರಿಯೂರು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಚಳ್ಳಕೆರೆಯಲ್ಲಿ ಕಣ್ಣುಜ್ಜುತ್ತ ಇಳಿದು ಕೇರಿಯ ಕಡೆ ನಡೆದಳು. ಎರಡು ಮೊಳ ಹೂವು ಬೆನ್ನ ಮೇಲೆ ತೂಗುತ್ತಿತ್ತು.

ಅವಳು ನಡೆದು ಹೋಗುವಷ್ಟರಲ್ಲಿ ಸುದ್ದಿ ಸೈಕಲ್ಲಿನಲ್ಲಿ ಹೋಗಿತ್ತು. ಬೋರಕ್ಕ ಬಾಗಿಲಲ್ಲೇ ನಿಂತಿದ್ದಳು. ಕೇರಿಯೆಲ್ಲ ಏನೋ ಕೆಲಸವಿದ್ದವರ ಹಾಗೆ ಹೊರಗೇ ಇತ್ತು.

"ಯಾರಿಗೋಸ್ಕರ ಮುಡ್ಕಂಡೀಯೇ?" ಎಂದಳು ಬೋರಕ್ಕ. "ಹೇಳ್ಬಿಡು. ಊರ್ನೋರು ನನ್ನ ಕೇಳೋಕ್ಮುಂಚೆ ನೀನೇ ಹೇಳ್ಬಿಡು. ಯಾರ್ನ ಇಟ್ಕಂಡೀಯಾ ಅಲ್ಲಿ?"

ಒಳಗೆ ಕರೆದು ಕೇಳಿದ್ದರೆ ರಾಧಮ್ಮ ಅಳುತ್ತಿದ್ದಳೇನೋ. ನಡುಬೀದಿಯಲ್ಲಿ, ಅಷ್ಟು ಕಣ್ಣುಗಳ ಮುಂದೆ ಕೇಳಿದ್ದಕ್ಕೆ ಅವಳ ಬಾಯಿಂದ ಬರಬಾರದ್ದು ಬಂತು.

"ನೀನು ಇಪ್ಪತ್ತೈದು ವರ್ಷದಿಂದ ಮುಡ್ಕಂತಿದೀಯಲ್ಲ, ಏನಾತು? ನಿನ್ನ ಹೊಟ್ಟೆಗೆ ಒಂದು ಹುಳಾನಾದ್ರೂ ಹುಟ್ತಾ?"

ಇಷ್ಟು ಹೇಳಿದ್ದು ಬೋರಕ್ಕನ ಕೈಯಲ್ಲಿ ಬೆಳೆದ ಮಗು. ನಲ್ಲಿಯ ಹತ್ತಿರ ಹತ್ತು ಜನಕ್ಕೆ ಉತ್ತರ ಕೊಡುತ್ತಿದ್ದ ಬೋರಕ್ಕನ ಬಾಯಿ, ಒಳಗೆ ಹೋಗಿ ಕದ ಹಾಕಿಕೊಂಡಿತು. ರಾಧಮ್ಮ ಹೊಸ್ತಿಲು ತುಳಿಯದೆ, ನೀರೂ ಕುಡಿಯದೆ ಬಂದ ದಾರಿಯಲ್ಲೇ ವಾಪಸ್ಸು ಹೋದಳು.

ಎರಡು ವರ್ಷ ಅಕ್ಕ ತಂಗಿಯರ ನಡುವೆ ಮಾತಿರಲಿಲ್ಲ. ಬೆಂಗಳೂರಿನಲ್ಲಿ ರಾಧಮ್ಮ ಹೂ ಮುಡಿಯುವುದನ್ನೂ ಬಿಟ್ಟಳು, ಊರಿಗೆ ಹೋಗುವುದನ್ನೂ ಬಿಟ್ಟಳು. ಕೂತಲ್ಲಿ ನಿಂತಲ್ಲಿ ಆ ಮಾತು ಬಂದು ಎದುರಿಗೆ ನಿಲ್ಲುತ್ತಿತ್ತು. ಹೋಗಿ ಕಾಲು ಹಿಡಿದುಬಿಡಬೇಕು ಎಂದು ಪ್ರತಿ ಹಬ್ಬಕ್ಕೂ ಅಂದುಕೊಳ್ಳುವಳು. ಕಾಲು ಹಿಡಿಯಬೇಕಾದ್ದೂ ಅದೇ ಬೀದಿಯಲ್ಲಿ, ಅವೇ ಕಣ್ಣುಗಳ ಮುಂದೆ. ಅದನ್ನು ನೆನೆದು ಮುಂದಿನ ಹಬ್ಬಕ್ಕೆ ಹಾಕುವಳು. ಅಕ್ಕನ ಬಾಯಿಂದ "ಹೋಗ್ಲಿ ಬಿಡೇ" ಎಂಬ ಒಂದು ಮಾತು ಬಂದರೆ ಸಾಕಿತ್ತು. ಅಷ್ಟಕ್ಕಿಂತ ಹೆಚ್ಚಿನದೇನೂ ಅವಳಿಗೆ ಲೋಕದಲ್ಲಿ ಬೇಕಿರಲಿಲ್ಲ.

ಎರಡು ಸಾವಿರದ ಐದರ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ವಠಾರದ ಎದುರಿನ ದಿನಸಿ ಅಂಗಡಿಗೆ ಅವಳ ಹೆಸರಿಗೆ ಫೋನು ಬಂತು. ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತು ಇಟ್ಟಿದ್ದ ಜಯಣ್ಣ ಮಾತಾಡಿದ. ಕೇರಿಯ ಎಲ್ಲರ ಸುದ್ದಿಯೂ ಅವನ ಬೂತಿನಿಂದಲೇ ಹೊರಡುತ್ತಿತ್ತು.

"ರಾಧಮ್ಮ, ನಿಮ್ಮಕ್ಕಗೆ ಹುಷಾರಿಲ್ಲ ಕಣಮ್ಮ. ನಿನ್ನೆ ರಾತ್ರಿಯಿಂದ ಒಂದು ಕೈ ಬಿದ್ದೋಗೈತೆ. ಲಕ್ವ ಅಂತಾರೆ. ನಿನ್ನೇ ಕೇಳ್ತಾಳೆ. ಈಗ್ಲೇ ಹೊರಟ್ಬಿಡು."

ರಾಧಮ್ಮ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು. "ಜಯಣ್ಣ, ನಿಜ ಹೇಳು. ಐದಾಳಾ, ಹೋದ್ಲಾ?"

"ಅಯ್ಯೋ, ಐದಾಳಮ್ಮ! ಮಾತಾಡ್ತಾಳೆ. ರಾಧೀನ ಕರೆಸ್ರಿ, ಅವಳಿಗೊಂದು ಮಾತು ಹೇಳ್ಬೇಕು ಅಂತ ಅಂತಾ ಐದಾಳೆ."

"ಸುಳ್ಳು ಹೇಳ್ಬ್ಯಾಡ ಕಣಣ್ಣ. ನಾನು ತಡ್ಕಂತೀನಿ. ಹೇಳ್ಬಿಡು."

"ನನ್ನ ಮಕ್ಕಳಾಣೆ, ಐದಾಳೆ!"

ಆ ಆಣೆ ಕೇಳಿದ್ದೇ ರಾಧಮ್ಮನಿಗೆ ಉಳಿದಿದ್ದ ಆಸೆಯೂ ಹೋಯಿತು. ಬದುಕಿರುವವರಿಗೆ ಯಾರು ಮಕ್ಕಳ ಆಣೆ ಇಡುತ್ತಾರೆ? ಇಟ್ಟರೆ ಸತ್ತವರಿಗೇ. ಅವ್ವನಂಥ ಅಕ್ಕ ಸತ್ತಿದ್ದಾಳೆ, ತಾನು ದಾರಿಯಲ್ಲಿ ಎದೆ ಒಡೆದುಕೊಳ್ಳಬಾರದೆಂದು ಊರು ಮತ್ತೆ ಒಂದಾಗಿದೆ. ಫೋನಿಟ್ಟು ಅಂಗಡಿಯ ಮೆಟ್ಟಿಲ ಮೇಲೇ ಕುಸಿದು ಕೂತು ಅತ್ತಳು. ಅಂಗಡಿಯವನು ಒಂದು ಲೋಟ ನೀರು ಕೊಟ್ಟು, ಬಂದ ಗಿರಾಕಿಗೆ ಸಕ್ಕರೆ ತೂಗಲು ಹೋದ.

ಅತ್ತು ಮುಗಿದ ಮೇಲೆ ಅವಳಲ್ಲಿ ಒಂದು ಕೆಟ್ಟ ನಿಧಾನ ಬಂತು. ಈ ಸಲ ಬಿಸಿ ಮುದ್ದೆ ಕಟ್ಟಿಕೊಂಡು ಹೋಗುವ ದಡ್ಡಿ ನಾನಲ್ಲ ಎಂದುಕೊಂಡಳು. ಅವಳ ಕಡೆಯಲ್ಲಿ ಮುತ್ತೈದೆ ಸತ್ತರೆ ತವರಿನ ಸೀರೆ ಉಡಿಸದೆ ಮಣ್ಣಿಗಿಡುವಂತಿಲ್ಲ. ಬೋರಕ್ಕನಿಗೆ ತವರು ಎಂದರೆ ಇವಳೊಬ್ಬಳೇ. ಇವಳು ಹೋಗುವ ತನಕ ಕಾಯುತ್ತಾರೆ, ಕಾಯಲೇಬೇಕು. ಇಷ್ಟು ವರ್ಷ ಅಕ್ಕನಿಗೆ ಏನೂ ಮಾಡದವಳು, ಕಡೆಯದಾಗಿ ಒಂದು ಒಳ್ಳೆಯ ಸೀರೆಯಾದರೂ ತರಬೇಡವೇ?

ಬೆಳಗಿನ ಬಸ್ಸು ಬಿಟ್ಟಳು. ಫ್ಯಾಕ್ಟರಿಗೆ ಹೋಗಿ ರಜೆ ಹೇಳಿದಳು. ಚಿಕ್ಕಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಹಸಿರು ಸೀರೆಗಳನ್ನು ಬಿಚ್ಚಿಸಿ ನೋಡಿದಳು. ಒಂದರ ಅಂಚು ಸಣ್ಣದು, ಒಂದರ ಬಣ್ಣ ತೀರ ಗಿಣಿಹಸಿರು. ಅಕ್ಕನಿಗೆ ಇಷ್ಟವಾಗುತ್ತಿದ್ದದ್ದು ಮಾವಿನೆಲೆಯ ಹಸಿರು, ಕೆಂಪಂಚು. ಅದು ಸಿಗುವ ತನಕ ಬಿಡಲಿಲ್ಲ. ಹಸಿರು ಬಳೆ, ಅರಿಸಿನ, ಕುಂಕುಮ ತಗೊಂಡಳು. ದಂಡೆ ಹೂ ಕಟ್ಟಿಸಿದಳು. ಮಧ್ಯಾಹ್ನದ ಬಸ್ಸಿಗೆ ಕೂತಳು. ಹಿರಿಯೂರಿನಲ್ಲಿ ಹತ್ತಿದ ಪರಿಚಯದ ಹೆಂಗಸೊಬ್ಬಳು ಇವಳ ಮುಖ ನೋಡಿ, "ಬೋರಕ್ಕಗೆ ಹಿಂಗಾಗಬಾರದಿತ್ತು" ಎಂದು ಕೈ ಹಿಡಿದಾಗ ಇನ್ನಾವ ಅನುಮಾನವೂ ಉಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೇರಿಯ ತಿರುವಿಗೆ ಬಂದಳು. ಸಾವಿನ ಮನೆಗೆ ತವರಿನ ಹೆಣ್ಣು ಸುಮ್ಮನೆ ನಡೆದು ಬರುವಂತಿಲ್ಲ. ತಿರುವಿನಿಂದಲೇ ಹಾಡಿಕೊಂಡು ಅಳುತ್ತ ಬರಬೇಕು, ಒಳಗಿರುವವರಿಗೆ ತವರು ಬಂತೆಂದು ಗೊತ್ತಾಗಬೇಕು. ರಾಧಮ್ಮ ಚೀಲವನ್ನು ಕಂಕುಳಿಗೆ ಅವಚಿಕೊಂಡು ದನಿ ತೆಗೆದಳು.

"ಅಕ್ಕಯ್ಯಾ, ನನ್ನ ಹೆತ್ತವ್ವ ಮುಖ ತಿರುಗಿಸ್ಕಂಡು ಹೋದಾಗ ಸೊಂಟಕ್ಕೆತ್ತಿಕೊಂಡವಳೇ! ನನ್ನ ತಲೆ ಬಾಚಿದ ಕೈಯೆಲ್ಲಿ ಹೋದ್ವೇ! ಹೊಟ್ಟೆಗೆ ಹುಳ ಹುಟ್ಲಿಲ್ಲ ಅಂದ ಬಾಯಿಗೆ ಹುಳ ಬೀಳ್ಲಿ ಕಣೇ! ನಾನು ಹುಟ್ಟಿದ್ನಲ್ಲೇ ನಿನಗೆ, ನಾನೇ ನಿನ್ನ ಮಗಳಲ್ಲೇನೇ! ಒಂದ್ಸಲ ಬಾಯಿಬಿಟ್ಟು ಬೈಯೇ ಅಕ್ಕಾ, ಒಂದೇ ಒಂದ್ಸಲ ಬೈದು ಹೋಗೇ!"

ಹೇಳಲು ಎರಡು ವರ್ಷ ಧೈರ್ಯ ಬಾರದಿದ್ದ ಮಾತುಗಳೆಲ್ಲ ಅದೇ ಬೀದಿಯಲ್ಲಿ ತಾವಾಗೇ ಬಂದವು. ಕೇರಿ ಬಾಗಿಲು ಬಾಗಿಲಿಗೆ ಬಂದು ನಿಂತಿತು. ಯಾರ ಮುಖವೂ ಅವಳಿಗೆ ಕಾಣಲಿಲ್ಲ. ಅರ್ಧ ಬೀದಿ ಬಂದಾಗ ಮೂಗಮ್ಮ ಸೆರಗು ಜಾರಿದ್ದನ್ನೂ ನೋಡದೆ ಓಡಿ ಬಂದು ಅವಳ ಬಾಯನ್ನು ಅಂಗೈಯಿಂದ ಒತ್ತಿ ಹಿಡಿದಳು.

"ಏ ರಾಧಿ! ಬಾಯಿ ಮುಚ್ಚೇ! ಇನ್ನಾ ಜೀವ ಐತೆ ಕಣೇ! ಒಳಗೆ ಕೇಳಿಸ್ತಾ ಐತೆ ಅವಳಿಗೆ!"

ರಾಧಮ್ಮ ಮೂಗಮ್ಮನ ಕೈ ಕಿತ್ತೆಸೆದು ಓಡಿದಳು. ಬಾಗಿಲ ಮುಂದೆ ಬೆಂಕಿ ಇರಲಿಲ್ಲ. ಒಳಗೆ ಮಂಚದ ಮೇಲೆ ಬೋರಕ್ಕ ಮಲಗಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಕಣ್ಣು ತೆರೆದಿದ್ದವು. ಕಾಲ ಬಳಿ ಚಿಕ್ಕೀರಪ್ಪ ಕೂತಿದ್ದ. ತಲೆ ಎತ್ತಿ, "ಮೂರು ಗಂಟೆಗೆ ಮಾತು ನಿಂತೋತವ್ವ" ಎಂದ. "ಅಲ್ಲೀತನಕ ಬಾಗ್ಲು ಕಡೀಗೇ ನೋಡ್ತಿದ್ಲು. ದಾವಣಗೆರೆಗೆ ಕರ್ಕಂಡು ಹೋಗಾಣ ಅಂದ್ರೆ, ರಾಧಿ ಬರ್ಲಿ ಅಂತ ಒಪ್ಲೇ ಇಲ್ಲ."

ಬೆಳಗಿನ ಬಸ್ಸಿಗೆ ಹೊರಟಿದ್ದರೆ ಎರಡು ಗಂಟೆಗೆಲ್ಲ ಮನೆಯಲ್ಲಿರುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ಬಸ್ಸಿನಲ್ಲಿ ಕೂತು, ಮಾವಿನೆಲೆಯ ಹಸಿರು ಸಿಕ್ಕಿತಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದಳು.

ಬೋರಕ್ಕನ ಕಣ್ಣು ತಂಗಿಯ ಮೇಲೆ ನಿಂತಿತು. ಆಮೇಲೆ ಕಂಕುಳಿನ ಚೀಲದ ಮೇಲೆ ಬಂತು. ಚೀಲದ ಬಾಯಿಂದ ಹಸಿರು ಸೀರೆಯ ಕೆಂಪಂಚು ಇಣುಕುತ್ತಿತ್ತು, ದಂಡೆ ಹೂವು ಘಮ್ಮೆನ್ನುತ್ತಿತ್ತು. ಎಲ್ಲ ತಿಳಿದುಕೊಳ್ಳಲು ಬೋರಕ್ಕನಿಗೆ ಎಷ್ಟು ಹೊತ್ತು ಬೇಕು? ರಾಧಮ್ಮ ಚೀಲವನ್ನು ಮಂಚದ ಕೆಳಗೆ ತಳ್ಳಿ, ಅಕ್ಕನ ಎದೆಯ ಮೇಲೆ ತಲೆಯಿಟ್ಟಳು. "ತಪ್ಪಾತು ಅಕ್ಕಾ, ತಪ್ಪಾತು" ಎಂಬುದನ್ನು ಬಿಟ್ಟು ಬೇರೆ ಮಾತೇ ಬರಲಿಲ್ಲ. ಬೋರಕ್ಕನ ಗಂಟಲಲ್ಲಿ ಏನೋ ಗೊರಗೊರ ಎಂದಿತು, ತುಟಿಯ ಒಂದು ಪಕ್ಕ ಅಲ್ಲಾಡಿತು. ರಾಧಮ್ಮ ಕಿವಿಯನ್ನು ಬಾಯಿಗೆ ತಂದಿಟ್ಟಳು. ಉಸಿರು ಬಂತು, ಮಾತು ಬರಲಿಲ್ಲ. ಬೈಗುಳವೋ, ಕ್ಷಮೆಯೋ, ನೀರು ಬೇಕೆಂಬುದೋ, ಯಾರಿಗೆ ಗೊತ್ತು.

ಬೆಳಕು ಹರಿಯುವಷ್ಟರಲ್ಲಿ ಬೋರಕ್ಕ ಹೋದಳು. ತವರಿನ ಸೀರೆಗೆ ಯಾರೂ ಕಾಯುವ ಪ್ರಮೇಯ ಬರಲಿಲ್ಲ.

ಹಾಲುತುಪ್ಪ ಬಿಡುವ ದಿನ ರಾಧಮ್ಮ ಒಬ್ಬೊಬ್ಬರನ್ನೇ ಹಿಡಿದು ಕೇಳಿದಳು. ಅಕ್ಕ ನನಗೊಂದು ಮಾತು ಹೇಳಬೇಕು ಅಂದಳಂತಲ್ಲ, ಅದೇನು? ಮಾತು ನಿಲ್ಲುವ ಮುಂಚೆ ಏನಂದಳು?

ಮೂಗಮ್ಮ ಕಣ್ಣೊರೆಸಿಕೊಂಡು, "ನಾನು ಬೀದೀಲಿ ನಿಲ್ಸಿ ಕೇಳ್ಬಾರದಿತ್ತು, ರಾಧಿ ಅಂದದ್ನ ನಾನು ಮನಸಿಗೆ ಹಚ್ಕಂಡಿಲ್ಲ ಅಂತ ಹೇಳ್ರಿ, ಅಂದ್ಲು ಕಣೇ" ಎಂದಳು.

ಜಯಣ್ಣ, "ಅವಳು ಇನ್ನೊಂದು ಮದ್ವಿ ಮಾಡ್ಕಂಡು ಸುಖವಾಗಿರ್ಲಿ ಅಂದ್ಲಮ್ಮ. ನಾನೇ ಕಿವಿಯಾರೆ ಕೇಳೀನಿ" ಎಂದ.

ಚಿಕ್ಕೀರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ. ಆಮೇಲೆ, "ನಿನ್ನ ಹೆಸರು ಕರದ್ಲವ್ವ. ಒಂದು ಮಾತು, ಒಂದು ಮಾತು ಅಂತಾನೇ ಇದ್ಲು. ಏನಂತ ನನ್ತಾವ ಬಾಯಿ ಬಿಡ್ಲಿಲ್ಲ" ಎಂದ. ಅಷ್ಟರಲ್ಲಿ ಮೂಗಮ್ಮ ಅವನನ್ನು ದುರುಗುಟ್ಟಿ ನೋಡಿದ್ದಕ್ಕೆ, "ಹೂಂ, ಮೂಗಕ್ಕ ಹೇಳಿದ್ಹಂಗೇ ಇರ್ಬೇಕು" ಎಂದು ಸೇರಿಸಿದ.

ಬೆಂಗಳೂರಿಗೆ ಮರಳಿ ಪಕ್ಕದ ಮಿಷನ್ನಿನ ಹುಡುಗಿಗೆ ಎಲ್ಲ ಹೇಳಿದಳು. ಹುಡುಗಿ ಕಾಲರಿಗೆ ಹೊಲಿಗೆ ಹಾಕುತ್ತಲೇ ಕೇಳಿ, "ಬೆಳಿಗ್ಗೆನೇ ಹೋಗಿದ್ರೆ ಮಾತಾಡೋಕೆ ಸಿಕ್ತಿದ್ರು ಅಕ್ಕ. ನೀನು ಲೇಟ್ ಮಾಡ್ಬಿಟ್ಟೆ" ಎಂದಳು. ಅಷ್ಟೇ ಹೇಳಿ ಮುಂದಿನ ಕಾಲರ್ ಎತ್ತಿಕೊಂಡಳು. ಆ ಮಾತು ಕೂರಲಗಿನ ಹಾಗೆ ಹೊಕ್ಕಿತು, ಆದರೆ ಅದರಲ್ಲಿ ರಾಧಮ್ಮನಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಇಂಥದ್ದೊಂದು ಮಾತನ್ನು ಚಳ್ಳಕೆರೆಯಲ್ಲಿ ಅವಳಿಗೆ ಯಾರಾದರೂ ಹೇಳಿದ್ದರೆ, ಅಕ್ಕ ಶಾಪ ಹಾಕಿ ಸತ್ತಳು ಎಂದೇ ಹೇಳಿದ್ದರೂ, ಅದನ್ನು ಹೊತ್ತು ಬದುಕುತ್ತಿದ್ದಳು.

ಈಗಲೂ ವರ್ಷಕ್ಕೊಮ್ಮೆ ಅಕ್ಕನ ತಿಥಿಗೆ ಬರುತ್ತಾಳೆ. ಕೇರಿಯವರು ಬರಮಾಡಿಕೊಳ್ಳುತ್ತಾರೆ, ಉಣ್ಣಿಸುತ್ತಾರೆ. ಅವಳ ಬೆನ್ನ ಹಿಂದೆ "ಇದ್ದವಳಿಗೆ ಅತ್ತ ರಾಧಮ್ಮ" ಎಂಬ ಹೆಸರಿದೆ. ಅದು ಅವಳಿಗೂ ಗೊತ್ತು, ಅದಕ್ಕೆ ಬೇಸರವಿಲ್ಲ. ಉಂಡು ಕೈ ತೊಳೆದ ಮೇಲೆ ಮೂಗಮ್ಮನ ಜಗುಲಿಗೆ ಹೋಗಿ ಕೂರುತ್ತಾಳೆ. "ಮೂಗಕ್ಕ, ಅವತ್ತು ಅಕ್ಕ ಏನಂದ್ಲು?" ಎಂದು ಕೇಳುತ್ತಾಳೆ. ಮೂಗಮ್ಮ ಮೊದಲಿನಿಂದ ಹೇಳುತ್ತಾಳೆ, ಪ್ರತಿ ವರ್ಷ ಬೋರಕ್ಕ ಇನ್ನೊಂದೆರಡು ಒಳ್ಳೆಯ ಮಾತು ಜಾಸ್ತಿ ಆಡಿರುತ್ತಾಳೆ. ರಾಧಮ್ಮ ಅವಳ ಮುಖವನ್ನೇ ನೋಡುತ್ತಾಳೆ.

"ನಿಜ ಕಣೇ ರಾಧಿ. ಬೇಕಾದ್ರೆ ನನ್ನ ಮಕ್ಕಳ ಮೇಲೆ..."

"ಆಣೆ ಇಡಬ್ಯಾಡ ಮೂಗಕ್ಕ. ಕಾಲಿಗೆ ಬೀಳ್ತೀನಿ, ಆಣೆ ಇಡಬ್ಯಾಡ."

ಮೂಗಮ್ಮ ಒಳ್ಳೆಯವಳು, ಇಟ್ಟೇ ಬಿಡುತ್ತಾಳೆ.